ಸುಕ್ಕುಗಳಿರಲಿ, ಹೆಸರೂ ಇರಲಿ

ಮನೆಯ ಹಿರಿಯರೊಬ್ಬರು ತೀರಿಕೊಂಡಾಗ, ಅಳುವಿನ ನಡುವೆಯೇ ಯಾರಾದರೊಬ್ಬರು ಕೇಳುವ ಪ್ರಶ್ನೆಯೊಂದಿದೆ: ‘ಅವರದೊಂದು ಒಳ್ಳೇ ಫೋಟೋ ಇದೆಯಾ?’ ಆಗ ಹುಡುಕಾಟ ಶುರುವಾಗುತ್ತದೆ. ಬೀರುವಿನ ಮೇಲಿದ್ದ ಆಲ್ಬಂ ಕೆಳಗಿಳಿಯುತ್ತದೆ, ಮೊಬೈಲುಗಳು ಹೊರಬರುತ್ತವೆ. ಮಕ್ಕಳ ಹುಟ್ಟುಹಬ್ಬದ ಚಿತ್ರಗಳು ನೂರಾರು ಸಿಗುತ್ತವೆ. ಪ್ರವಾಸದ ಚಿತ್ರ, ಹೊಸ ಗಾಡಿಯ ಚಿತ್ರ, ಹೋಟೆಲಿನ ತಟ್ಟೆಯಲ್ಲಿದ್ದ ದೋಸೆಯ ಚಿತ್ರವೂ ಸಿಗುತ್ತದೆ. ಅಜ್ಜನ ಮುಖ ಮಾತ್ರ ಯಾವುದೋ ಮದುವೆಯ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ, ಇನ್ನೊಬ್ಬರ ಹೆಗಲಿನಿಂದ ಅರ್ಧ ಮರೆಯಾಗಿರುತ್ತದೆ. ಕೊನೆಗೆ ಮತದಾರರ ಗುರುತಿನ ಚೀಟಿಯ ಚಿತ್ರವೇ ಗತಿ. ಸ್ಟುಡಿಯೋದವರು ಅದನ್ನೇ ದೊಡ್ಡದು ಮಾಡಿ, ಹಿಂದೆ ನೀಲಿ ಬಣ್ಣ ಹಾಕಿ, ಅಜ್ಜ ಜೀವಮಾನದಲ್ಲಿ ಎಂದೂ ತೊಡದ ಕೋಟನ್ನು ತೊಡಿಸಿ, ಕೆನ್ನೆಯ ಸುಕ್ಕುಗಳನ್ನು ಅಳಿಸಿ ಕೊಡುತ್ತಾರೆ. ಕಟ್ಟು ಹಾಕಿಸಿ ಗೋಡೆಗೆ ತೂಗಿಸಿದ ಆ ಮುಖ ಯಾರದೆಂದು ಮೊಮ್ಮಕ್ಕಳು ಕೇಳಿದರೆ ಅವರ ತಪ್ಪಲ್ಲ.

ಪ್ರತಿಯೊಬ್ಬರ ಜೇಬಿನಲ್ಲೂ ಒಂದು ಕ್ಯಾಮೆರಾ ಇರುವ ಈ ಕಾಲದಲ್ಲಿಯೂ ಹೀಗಾಗುವುದಕ್ಕೆ ಕಾರಣಗಳಿವೆ. ಫೋಟೋ ತೆಗೆಸಿಕೊಂಡರೆ ಆಯುಸ್ಸು ಕಡಿಮೆಯಾಗುತ್ತದೆಂಬ ಹಳೆಯ ನಂಬಿಕೆ ಕೆಲವರ ಮನಸ್ಸಿನ ಮೂಲೆಯಲ್ಲಿ ಇನ್ನೂ ಇದೆ. ಗಂಡನನ್ನು ಕಳೆದುಕೊಂಡ ಎಷ್ಟೋ ಅಜ್ಜಿಯರು ಶುಭಕಾರ್ಯದಲ್ಲಿ ಗುಂಪಿನ ಚಿತ್ರ ತೆಗೆಯುವಾಗ ತಾವಾಗಿಯೇ ಹಿಂದೆ ಸರಿಯುತ್ತಾರೆ. ಕೈಹಿಡಿದು ಮುಂದಕ್ಕೆ ಕರೆತರುವವರು ಕಡಿಮೆ. ಎಲ್ಲಕ್ಕಿಂತ ಹೆಚ್ಚಾಗಿ ಕೇಳಿಬರುವ ಮಾತೆಂದರೆ, ‘ಈ ಮುದಿಮುಖದಲ್ಲಿ ಏನಿದೆ ಅಂತ ತೆಗೀತೀಯೋ ಮಗಾ?’

ಏನಿದೆ ಎಂಬ ಈ ಪ್ರಶ್ನೆಗೆ ಚಿತ್ರಕಾರರೂ ವಿಜ್ಞಾನಿಗಳೂ ಬಹಳ ಹಿಂದಿನಿಂದಲೇ ಉತ್ತರ ಹುಡುಕಿದ್ದಾರೆ. ಅವರು ಕಂಡುಕೊಂಡದ್ದನ್ನು ತಿಳಿದರೆ, ಮನೆಯಲ್ಲಿರುವ ವಯಸ್ಸಾದ ತಂದೆತಾಯಿಯರ ಚಿತ್ರವನ್ನು ಹೇಗೆ ತೆಗೆಯಬೇಕು, ಯಾಕೆ ತೆಗೆಯಬೇಕು ಎಂಬುದು ತಾನಾಗಿಯೇ ತಿಳಿಯುತ್ತದೆ.

ಇದ್ದಿಲಿನಲ್ಲಿ ಮೂಡಿದ ತಾಯಿ

ಕ್ಯಾಮೆರಾ ಹುಟ್ಟುವುದಕ್ಕೆ ಮುನ್ನೂರು ವರ್ಷಗಳಿಗೂ ಹಿಂದಿನ ಮಾತು. ಜರ್ಮನಿಯ ನ್ಯೂರೆಂಬರ್ಗ್ ಪಟ್ಟಣದಲ್ಲಿ ಆಲ್‌ಬ್ರೆಕ್ಟ್ ಡ್ಯೂರರ್ ಎಂಬ ಹೆಸರಾಂತ ಚಿತ್ರಕಾರನಿದ್ದ. 1514ರ ಮಾರ್ಚ್ ತಿಂಗಳಿನಲ್ಲಿ ಆತ ತನ್ನ ತಾಯಿ ಬಾರ್ಬರಾಳನ್ನು ಎದುರಿಗೆ ಕೂರಿಸಿಕೊಂಡು ಇದ್ದಿಲಿನ ಕಡ್ಡಿಯಿಂದ ಆಕೆಯ ಮುಖವನ್ನು ಬರೆದ. ಆಕೆಗೆ ಆಗ 63 ವರ್ಷ. ಹೆತ್ತದ್ದು 18 ಮಕ್ಕಳನ್ನು. ದೊಡ್ಡವರಾಗಿ ಉಳಿದವರು ಮೂವರೇ. ಆ ಚಿತ್ರದಲ್ಲಿ ಡ್ಯೂರರ್ ಏನನ್ನೂ ಮುಚ್ಚಿಡಲಿಲ್ಲ. ಹಣೆಯ ಗೆರೆಗಳು, ಒಳಸೇರಿದ ಕೆನ್ನೆ, ಬಿಗಿದ ತುಟಿ, ಹಗ್ಗದಂತೆ ಉಬ್ಬಿದ ಕತ್ತಿನ ನರ ಎಲ್ಲವೂ ಅಲ್ಲಿವೆ. ಚಿತ್ರ ಬರೆದು ಎರಡು ತಿಂಗಳು ಕಳೆಯುವಷ್ಟರಲ್ಲಿ ಆಕೆ ತೀರಿಕೊಂಡಳು.

ಇಂದು ಬರ್ಲಿನ್ನಿನ ಸಂಗ್ರಹಾಲಯದಲ್ಲಿರುವ ಆ ಹಾಳೆಯ ಮೇಲೆ ಇನ್ನೊಂದು ಸಂಗತಿಯೂ ಇದೆ. ಇದು ತನ್ನ ತಾಯಿ, ಆಕೆಗೆ ಇಷ್ಟು ವಯಸ್ಸು ಎಂದು ಡ್ಯೂರರ್ ಚಿತ್ರದಲ್ಲೇ ಬರೆದಿದ್ದ. ಆಕೆ ತೀರಿಕೊಂಡ ಮೇಲೆ ಅದೇ ಹಾಳೆಯನ್ನು ಮತ್ತೆ ತೆಗೆದು ಸಾವಿನ ವಿವರವನ್ನು ಶಾಯಿಯಲ್ಲಿ ಸೇರಿಸಿದ. ಐನೂರು ವರ್ಷಗಳ ನಂತರವೂ ಆ ಮುಖ ‘ಯಾರೋ ಒಬ್ಬ ಮುದುಕಿ’ ಆಗದೆ ಬಾರ್ಬರಾ ಆಗಿಯೇ ಉಳಿದಿರುವುದರಲ್ಲಿ ಚಿತ್ರದ ಪಾಲು ಎಷ್ಟಿದೆಯೋ ಆ ಬರಹದ ಪಾಲೂ ಅಷ್ಟೇ ಇದೆ.

ಮಗಳು ಕೊಟ್ಟ ಕ್ಯಾಮೆರಾ

ಛಾಯಾಚಿತ್ರದ ಕಾಲಕ್ಕೆ ಬಂದರೆ, ಮುಪ್ಪಿನ ಮುಖವನ್ನು ಗೌರವದಿಂದ ನೋಡಲು ಕಲಿಸಿದವರಲ್ಲಿ ಜೂಲಿಯಾ ಮಾರ್ಗರೆಟ್ ಕ್ಯಾಮರಾನ್ ಮುಖ್ಯಳು. ಆಕೆ ಹುಟ್ಟಿದ್ದು 1815ರಲ್ಲಿ, ನಮ್ಮ ದೇಶದ ಕಲ್ಕತ್ತೆಯಲ್ಲಿ. ಕ್ಯಾಮೆರಾ ಆಕೆಯ ಕೈಗೆ ಬಂದಾಗ ವಯಸ್ಸು 48. ಒಂಟಿತನ ಕಳೆಯಲೆಂದು ಮಗಳು ಮತ್ತು ಅಳಿಯ 1863ರ ಕೊನೆಯಲ್ಲಿ ತಂದುಕೊಟ್ಟ ಉಡುಗೊರೆ ಅದು. ಮಕ್ಕಳು ಓದಿ ದೊಡ್ಡವರಾದ ಮೇಲೆ ಹೊಸ ವಿದ್ಯೆ ಕಲಿಯುವ ಪೋಷಕರಿಗೆ ಆಕೆಯೊಂದು ಒಳ್ಳೆಯ ಮಾದರಿ.

1867ರ ಏಪ್ರಿಲ್‌ನಲ್ಲಿ ಆಕೆ 75 ವರ್ಷದ ವಿಜ್ಞಾನಿ ಜಾನ್ ಹರ್ಷೆಲ್‌ನ ಚಿತ್ರ ತೆಗೆದಳು. ಯುರೇನಸ್ ಗ್ರಹವನ್ನು ಕಂಡುಹಿಡಿದ ವಿಲಿಯಂ ಹರ್ಷೆಲ್‌ನ ಮಗ ಈತ. ಛಾಯಾಗ್ರಹಣಕ್ಕೂ ಈತನಿಗೂ ಹತ್ತಿರದ ನಂಟು. ಬೆಳಕು ತಾಗದೆ ಉಳಿದ ಬೆಳ್ಳಿಯ ಲವಣವನ್ನು ತೊಳೆದು ತೆಗೆದು ಚಿತ್ರವನ್ನು ಸ್ಥಿರಗೊಳಿಸುವ ‘ಹೈಪೊ’ ದ್ರಾವಣದ ಗುಣವನ್ನು 1819ರಲ್ಲಿ ಕಂಡುಕೊಂಡವನು, ‘ಫೋಟೋಗ್ರಫಿ’ ಎಂಬ ಪದವನ್ನು 1839ರಲ್ಲಿ ಬಳಕೆಗೆ ತಂದವನು ಇವನೇ. ಕ್ಯಾಮರಾನ್ ತೆಗೆದ ಚಿತ್ರದಲ್ಲಿ ಕತ್ತಲೆಯ ಹಿನ್ನೆಲೆಯಿಂದ ಆತನ ಮುಖವೊಂದೇ ಮೂಡಿಬರುತ್ತದೆ. ಕೆದರಿದ ಬಿಳಿಗೂದಲು ತಲೆಯ ಸುತ್ತ ಬೆಳಗುತ್ತದೆ. ಕಣ್ಣಿನ ಕೆಳಗಿನ ಚೀಲಗಳು, ಹಣೆಯ ಮಡಿಕೆಗಳು ಸ್ಪಷ್ಟವಾಗಿವೆ. ಅಂದಿನ ಗಾಜಿನ ಫಲಕಗಳಿಗೆ ಬೆಳಕು ನಿಮಿಷಗಟ್ಟಲೆ ಬೇಕಾಗುತ್ತಿತ್ತು. ಅಷ್ಟು ಹೊತ್ತು ಕೃತಕವಾಗಿ ನಗುತ್ತಾ ಕೂರಲು ಯಾರಿಂದಲೂ ಆಗದು. ಹೀಗಾಗಿ ತೋರಿಕೆಯ ಮುಖ ಕಳಚಿ ದಿನನಿತ್ಯದ ಮುಖ ಉಳಿಯುತ್ತಿತ್ತು.

ಸುಕ್ಕು ಮೂಡುವುದು ಹೇಗೆ?

ಮುಖದಲ್ಲಿ ಕಾಣುವ ಈ ಗೆರೆಗಳು ಬಂದದ್ದಾದರೂ ಎಲ್ಲಿಂದ? ಚರ್ಮದ ಮೇಲ್ಪದರದ ಕೆಳಗೆ ಇನ್ನೊಂದು ದಪ್ಪ ಪದರವಿದೆ. ಅದರಲ್ಲಿ ಕೊಲಾಜನ್ ಎಂಬ ಪ್ರೋಟೀನಿನ ಎಳೆಗಳು ಗಟ್ಟಿತನವನ್ನೂ, ಎಲಾಸ್ಟಿನ್ ಎಂಬ ಎಳೆಗಳು ರಬ್ಬರಿನಂತೆ ಎಳೆದರೆ ಮತ್ತೆ ಹಿಂದಿರುಗುವ ಗುಣವನ್ನೂ ಕೊಡುತ್ತವೆ. ವಯಸ್ಸಾದಂತೆ ಈ ಎಳೆಗಳು ಕಡಿಮೆಯಾಗುತ್ತವೆ, ಸಡಿಲವಾಗುತ್ತವೆ. ಮಗುವಿನ ಕೈಯ ಹಿಂಭಾಗದ ಚರ್ಮವನ್ನು ಮೆಲ್ಲಗೆ ಚಿವುಟಿ ಬಿಟ್ಟರೆ ಥಟ್ಟನೆ ಸಮವಾಗುತ್ತದೆ. ಅಜ್ಜಿಯ ಕೈಯಲ್ಲಿ ಆ ಮಡಿಕೆ ಸ್ವಲ್ಪ ಹೊತ್ತು ನಿಲ್ಲುತ್ತದೆ.

ಇದಕ್ಕೆ ಬಿಸಿಲೂ ಸೇರುತ್ತದೆ. 2012ರಲ್ಲಿ ಅಮೆರಿಕದ ಒಂದು ಪ್ರಸಿದ್ಧ ವೈದ್ಯಕೀಯ ಪತ್ರಿಕೆ 69 ವರ್ಷದ ಚಾಲಕನೊಬ್ಬನ ಚಿತ್ರ ಪ್ರಕಟಿಸಿತು. 28 ವರ್ಷ ಸರಕು ಸಾಗಿಸುವ ಲಾರಿ ಓಡಿಸಿದ್ದ ಆತನ ಮುಖದ ಎಡಭಾಗ ಬಲಭಾಗಕ್ಕಿಂತ ಬಹಳ ವಯಸ್ಸಾದಂತೆ, ದಪ್ಪ ಸುಕ್ಕುಗಳಿಂದ ತುಂಬಿತ್ತು. ಆ ದೇಶದಲ್ಲಿ ಚಾಲಕ ಕೂರುವುದು ವಾಹನದ ಎಡಬದಿಯಲ್ಲಿ. ಬಿಸಿಲಿನಲ್ಲಿರುವ ‘ಅಲ್ಟ್ರಾವಯೊಲೆಟ್-ಎ’ ಕಿರಣಗಳು ಕಿಟಕಿಯ ಗಾಜನ್ನು ದಾಟಿ ಬಂದು ಅದೇ ಕೆನ್ನೆಯ ಮೇಲೆ ವರ್ಷಗಟ್ಟಲೆ ಬಿದ್ದಿದ್ದವು. ಆತನ ಕೆಲಸವನ್ನು ಬಿಸಿಲು ಆತನ ಮುಖದ ಮೇಲೆಯೇ ಬರೆದಿತ್ತು. ಗದ್ದೆಯ ಬಿಸಿಲಿನಲ್ಲಿ ಕಣ್ಣು ಕಿರಿದು ಮಾಡಿ ದುಡಿದವರ ಕಣ್ಣಂಚಿನ ಗೆರೆಗಳಿಗೂ ಇದೇ ಕಾರಣ.

ಚರ್ಮದ ಕೆಳಗೂ ಬದಲಾವಣೆಗಳಾಗುತ್ತವೆ. ಹಲ್ಲು ಬಿದ್ದ ಮೇಲೆ ಅದನ್ನು ಹಿಡಿದಿದ್ದ ದವಡೆಯ ಮೂಳೆ ಸವೆಯುತ್ತದೆ. ಬೊಚ್ಚುಬಾಯಿಯ ಅಜ್ಜನ ಗದ್ದ ಮೂಗಿಗೆ ಹತ್ತಿರವಾದಂತೆ ಕಾಣುವುದು ಇದರಿಂದಲೇ. ಕಿವಿಗಳಂತೂ ಹಿಗ್ಗುತ್ತಲೇ ಹೋಗುತ್ತವೆ. ಬ್ರಿಟನ್ನಿನ ವೈದ್ಯರೊಬ್ಬರು 206 ಜನರ ಕಿವಿಗಳನ್ನು ಅಳೆದು, ವರ್ಷಕ್ಕೆ ಸರಾಸರಿ 0.22 ಮಿಲಿಮೀಟರ್ ಉದ್ದವಾಗುತ್ತವೆಂದು 1995ರಲ್ಲಿ ಪ್ರಕಟಿಸಿದರು. ಐವತ್ತು ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್! ತಾತನ ಮದುವೆಯ ಫೋಟೋವನ್ನೂ ಇಂದಿನ ಫೋಟೋವನ್ನೂ ಪಕ್ಕದಲ್ಲಿಟ್ಟು ವಿದ್ಯಾರ್ಥಿಗಳು ಹೋಲಿಸಿ ನೋಡಬಹುದು.

ಮುಖ ನೋಡಿ ಗುಣ ಹೇಳಬಹುದೆ?

ಇಲ್ಲಿ ಒಂದು ಎಚ್ಚರಿಕೆ ಬೇಕು. ಹಿರಿಯರ ಮುಖದಲ್ಲಿ ವ್ಯಕ್ತಿತ್ವ ಎದ್ದು ಕಾಣುತ್ತದೆ ಎನ್ನುವುದು ರೂಢಿಯ ಮಾತು. ಮೂಗಿನ ಆಕಾರ, ಹಣೆಯ ಅಗಲ ನೋಡಿ ಮನುಷ್ಯನ ಗುಣ ಹೇಳುವ ‘ಶಾಸ್ತ್ರ’ವೊಂದು ಯೂರೋಪಿನಲ್ಲಿ ಬಹುಕಾಲ ಮೆರೆಯಿತು. ಅಪರಾಧಿಗಳನ್ನು ಮುಖದಿಂದಲೇ ಗುರುತಿಸಬಹುದೆಂದವರೂ ಇದ್ದರು. ವಿಜ್ಞಾನ ಅದನ್ನು ತಳ್ಳಿಹಾಕಿದೆ. ಮುಖದ ಅಚ್ಚು ಹೆಚ್ಚಾಗಿ ಹೆತ್ತವರಿಂದ ಬಂದದ್ದು. ಅದರಲ್ಲಿ ಒಳ್ಳೆಯತನವಾಗಲಿ ಕೆಟ್ಟತನವಾಗಲಿ ಇರುವುದಿಲ್ಲ.

ಆದರೆ ಮುಖದ ಸ್ನಾಯುಗಳ ಕಥೆ ಬೇರೆ. ಫ್ರಾನ್ಸಿನ ವೈದ್ಯ ಡ್ಯುಶೆನ್ 1862ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಹಲ್ಲಿಲ್ಲದ ಮುದುಕನೊಬ್ಬನ ಛಾಯಾಚಿತ್ರಗಳಿವೆ. ಆ ಮುದುಕನ ಮುಖಕ್ಕೆ ಸ್ಪರ್ಶಜ್ಞಾನ ಬಹುತೇಕ ಇರಲಿಲ್ಲ. ಡ್ಯುಶೆನ್ ಒಂದೊಂದೇ ಸ್ನಾಯುವಿಗೆ ಸಣ್ಣ ವಿದ್ಯುತ್ ಹರಿಸಿ, ಯಾವ ಸ್ನಾಯು ಯಾವ ಭಾವವನ್ನು ಮೂಡಿಸುತ್ತದೆಂದು ತೋರಿಸಿದ. ಚಾರ್ಲ್ಸ್ ಡಾರ್ವಿನ್ 1872ರ ತನ್ನ ಪುಸ್ತಕದಲ್ಲಿ ಆ ಚಿತ್ರಗಳನ್ನು ಬಳಸಿಕೊಂಡ. ಡ್ಯುಶೆನ್ ಕಂಡುಕೊಂಡ ಮುಖ್ಯ ಸಂಗತಿ ಇದು: ಬೇಕೆಂದೇ ನಕ್ಕಾಗ ತುಟಿಯ ಅಂಚು ಮಾತ್ರ ಮೇಲೇಳುತ್ತದೆ, ಮನಸಾರೆ ನಕ್ಕಾಗ ಕಣ್ಣಿನ ಸುತ್ತಲಿನ ಸ್ನಾಯುವೂ ಬಿಗಿಯಾಗಿ ಕಣ್ಣಂಚಿನಲ್ಲಿ ಗೆರೆಗಳೇಳುತ್ತವೆ. ಹಾಳೆಯನ್ನು ಒಂದೇ ಜಾಗದಲ್ಲಿ ಮತ್ತೆ ಮತ್ತೆ ಮಡಿಸಿದರೆ ಅಲ್ಲಿ ಗೆರೆ ನಿಲ್ಲುವಂತೆ, ಜೀವಮಾನವಿಡೀ ನಕ್ಕ ನಗು, ಗಂಟಿಕ್ಕಿದ ಹುಬ್ಬು ಕೊನೆಗೆ ಗೆರೆಯಾಗಿ ಉಳಿಯುತ್ತವೆ.

ಆದರೂ ಆ ಗೆರೆಗಳನ್ನು ಓದುವಾಗ ಮೋಸ ಹೋಗುವುದು ಸುಲಭ. ಇಳಿಬಿದ್ದ ರೆಪ್ಪೆ, ಕೆಳಬಾಗಿದ ತುಟಿಯಂಚುಗಳಿಂದಾಗಿ ಹಿರಿಯರು ಸುಮ್ಮನೆ ಕುಳಿತಿದ್ದರೂ ನೋಡುವವರಿಗೆ ಬೇಸರದಲ್ಲೋ ಕೋಪದಲ್ಲೋ ಇರುವಂತೆ ಕಾಣುತ್ತದೆ ಎಂಬುದನ್ನು ಮನಶ್ಶಾಸ್ತ್ರಜ್ಞರು ಪ್ರಯೋಗಗಳಲ್ಲಿ ಗಮನಿಸಿದ್ದಾರೆ. ‘ಅಪ್ಪ ಯಾವಾಗಲೂ ಸಿಡಿಮಿಡಿ’ ಎಂದು ಮಕ್ಕಳು ತಿಳಿಯುವುದರಲ್ಲಿ ಎಷ್ಟೋ ಸಲ ಅಪ್ಪನ ಮನಸ್ಸಿನ ಪಾತ್ರಕ್ಕಿಂತ ಸಡಿಲಗೊಂಡ ಚರ್ಮದ ಪಾತ್ರವೇ ಹೆಚ್ಚು. ಮುಖವೊಂದನ್ನೇ ನೋಡಿದರೆ ಸಾಲದು, ಕೇಳಿ ತಿಳಿಯಬೇಕು ಎನ್ನುವುದಕ್ಕೆ ಇದೇ ಕಾರಣ.

ಮಗ ತೆಗೆದ ತಂದೆ

ಹೆತ್ತವರನ್ನೇ ವರ್ಷಗಟ್ಟಲೆ ಚಿತ್ರಿಸಿದವರಲ್ಲಿ ಅಮೆರಿಕದ ರಿಚರ್ಡ್ ಆವೆಡಾನ್ (1923-2004) ಹೆಸರು ಮೊದಲು ಬರುತ್ತದೆ. ಸುಂದರಿಯರ, ಹೊಸ ಉಡುಪುಗಳ ಚಿತ್ರ ತೆಗೆದು ಪತ್ರಿಕಾಲೋಕದಲ್ಲಿ ಹೆಸರು ಮಾಡಿದ್ದ ಆತ, 1969ರಿಂದ ತನ್ನ ತಂದೆ ಜೇಕಬ್ ಇಸ್ರೇಲ್ ಆವೆಡಾನ್‌ನ ಚಿತ್ರಗಳನ್ನು ತೆಗೆಯತೊಡಗಿದ. ರಷ್ಯಾದಿಂದ ವಲಸೆ ಬಂದ ಯಹೂದಿ ಕುಟುಂಬದ ತಂದೆ ನ್ಯೂಯಾರ್ಕಿನಲ್ಲಿ ಹೆಂಗಸರ ಉಡುಪಿನ ಅಂಗಡಿ ನಡೆಸಿದ್ದವನು. ತಂದೆಮಗನ ನಡುವೆ ಹೆಚ್ಚಿನ ಸಲಿಗೆ ಇರಲಿಲ್ಲ.

ಎಲ್ಲ ತಂದೆಯರಂತೆ ಜೇಕಬ್‌ಗೂ ಕ್ಯಾಮೆರಾ ಕಂಡೊಡನೆ ಒಂದು ನಗು ಹಚ್ಚಿಕೊಂಡು ಕೂರುವ ಅಭ್ಯಾಸ. ಮಗನಿಗೆ ಬೇಕಾದದ್ದು ಆ ನಗುವಲ್ಲ. ತಾನು ಕಂಡು ಬೆಳೆದ, ಹಟ ಮತ್ತು ಕಸುವು ತುಂಬಿದ ಮುಖವೇ ತನಗೆ ಬೆಲೆಯುಳ್ಳದ್ದು ಎಂದು ಆತ ತಂದೆಗೆ ಕಾಗದವನ್ನೇ ಬರೆದ. ಬಿಳಿಯ ಹಿನ್ನೆಲೆಯ ಮುಂದೆ ಮತ್ತೆ ಮತ್ತೆ ಕೂರಿಸಿ ತೆಗೆದ ಆ ಚಿತ್ರಗಳಲ್ಲಿ ಮೊದಲು ಸೂಟು ತೊಟ್ಟ, ಚುರುಕುಗಣ್ಣಿನ ಮುದುಕ ಕಾಣುತ್ತಾನೆ. ಬರಬರುತ್ತಾ ಕ್ಯಾನ್ಸರ್ ಆತನನ್ನು ತಿನ್ನುತ್ತದೆ. ಕೊನೆಯ ಚಿತ್ರಗಳಲ್ಲಿ ಆಸ್ಪತ್ರೆಯ ಅಂಗಿಯಿದೆ. 1973ರ ಆಗಸ್ಟ್‌ನಲ್ಲಿ ಜೇಕಬ್ ತೀರಿಕೊಂಡ. ಮರುವರ್ಷ ನ್ಯೂಯಾರ್ಕಿನ ಆಧುನಿಕ ಕಲಾ ಸಂಗ್ರಹಾಲಯದಲ್ಲಿ ಅವುಗಳಲ್ಲಿ ಎಂಟು ಚಿತ್ರಗಳ ಪ್ರದರ್ಶನ ನಡೆಯಿತು.

ನೋಡಿದವರಲ್ಲಿ ಎರಡು ಅಭಿಪ್ರಾಯಗಳು ಹುಟ್ಟಿದವು. ಇದು ಪ್ರೀತಿಯ ಕೆಲಸವೆಂದರು ಕೆಲವರು. ಸಾಯುತ್ತಿರುವ ತಂದೆಯನ್ನು ಹೀಗೆ ಎಲ್ಲರೆದುರು ಇಡುವುದು ಕ್ರೌರ್ಯವೆಂದರು ಇನ್ನು ಕೆಲವರು. ಆ ವಾದ ಇಂದಿಗೂ ಮುಗಿದಿಲ್ಲ, ಬೇಗ ಮುಗಿಯುವಂಥದೂ ಅಲ್ಲ. ಮನೆಯವರು ಇಟ್ಟುಕೊಳ್ಳುವ ಚಿತ್ರ ಬೇರೆ, ಲೋಕಕ್ಕೆ ತೋರಿಸುವ ಚಿತ್ರ ಬೇರೆ. ಆಸ್ಪತ್ರೆಯಲ್ಲಿ ಮಲಗಿರುವ ಅಜ್ಜಿಯ ಚಿತ್ರವನ್ನು ಕ್ಷಣಾರ್ಧದಲ್ಲಿ ನೂರು ಜನರ ಮೊಬೈಲಿಗೆ ಕಳುಹಿಸಬಹುದಾದ ಇಂದು ಈ ವ್ಯತ್ಯಾಸವನ್ನು ಪ್ರತಿ ಮನೆಯೂ ಯೋಚಿಸಬೇಕಾಗಿದೆ.

ಮನೆಯಲ್ಲೇ ಮಾಡಿ ನೋಡಿ

ಒಳ್ಳೆಯ ಚಿತ್ರಕ್ಕೆ ದುಬಾರಿ ಕ್ಯಾಮೆರಾ ಬೇಕಿಲ್ಲ. ಶಾಲೆಯಲ್ಲಿ ಕಲಿತ ವಿಜ್ಞಾನವೇ ಸಾಕು.

ಮೊದಲನೆಯದು ಬೆಳಕು. ಹುಣ್ಣಿಮೆಯ ಚಂದ್ರನನ್ನು ದುರ್ಬೀನಿನಲ್ಲಿ ನೋಡಿದರೆ ಬರೀ ಹೊಳೆಯುವ ತಟ್ಟೆಯಂತೆ ಕಾಣುತ್ತಾನೆ. ಅಷ್ಟಮಿಯ ದಿನ ನೋಡಿದರೆ ಬೆಳಕು ಕತ್ತಲೆ ಸೇರುವ ಗಡಿಯಲ್ಲಿ ಕುಳಿಗಳೂ ಬೆಟ್ಟಗಳೂ ನೆರಳು ಚೆಲ್ಲಿ ಎದ್ದುನಿಲ್ಲುತ್ತವೆ. ಆ ನೆರಳುಗಳಿಂದಲೇ ಗೆಲಿಲಿಯೊ ಚಂದ್ರನ ಬೆಟ್ಟಗಳ ಎತ್ತರವನ್ನು ಲೆಕ್ಕ ಹಾಕಿದ್ದು. ಮುಖಕ್ಕೂ ಇದೇ ನಿಯಮ. ಎದುರಿನಿಂದ ಬೀಳುವ ಫ್ಲಾಶ್ ಮುಖವನ್ನು ಹುಣ್ಣಿಮೆಯ ಚಂದ್ರನನ್ನಾಗಿ ಮಾಡುತ್ತದೆ. ಫ್ಲಾಶ್ ಆರಿಸಿ, ಟ್ಯೂಬ್‌ಲೈಟ್ ಆರಿಸಿ, ಬೆಳಗಿನ ಹೊತ್ತು ಕಿಟಕಿಯ ಅಥವಾ ಹಜಾರದ ಬಾಗಿಲ ಪಕ್ಕ ಕೂರಿಸಿ. ನೇರ ಬಿಸಿಲು ಬೇಡ, ಅದು ಕಣ್ಣು ಕುಕ್ಕುತ್ತದೆ. ನೆರಳಿನ ಬದಿ ತೀರಾ ಕಪ್ಪಾದರೆ ಆ ಕಡೆ ಒಂದು ಬಿಳಿ ಪಂಚೆಯನ್ನು ಹಿಡಿದರೆ ಸಾಕು.

ಎರಡನೆಯದು ದೂರ. ಮೂಗಿನ ತುದಿಯಿಂದ ಕಿವಿಗೆ ಸುಮಾರು 12 ಸೆಂಟಿಮೀಟರ್ ಅಂತರವೆನ್ನೋಣ. ಮೊಬೈಲನ್ನು 30 ಸೆಂಟಿಮೀಟರ್ ಹತ್ತಿರ ಹಿಡಿದರೆ ಮೂಗು 30ರಲ್ಲಿ, ಕಿವಿ 42ರಲ್ಲಿ ಇರುತ್ತದೆ. ಕಿವಿಗೆ ಹೋಲಿಸಿದರೆ ಮೂಗು 1.4 ಪಟ್ಟು ದೊಡ್ಡದಾಗಿ ಮೂಡುತ್ತದೆ. ಆರು ಅಡಿ, ಅಂದರೆ 180 ಸೆಂಟಿಮೀಟರ್ ದೂರ ನಿಂತರೆ ಆ ವ್ಯತ್ಯಾಸ 1.07 ಪಟ್ಟಿಗೆ ಇಳಿಯುತ್ತದೆ. ‘ಫೋಟೋದಲ್ಲಿ ನಾನು ಚೆನ್ನಾಗಿ ಬರಲ್ಲ’ ಎಂದು ಅಮ್ಮ ಹೇಳುವುದು ಬಹಳ ಸಲ ತೆಗೆದವರು ತೀರಾ ಹತ್ತಿರ ನಿಂತದ್ದರಿಂದ. ಕ್ಯಾಮೆರಾ ಅವರ ಕಣ್ಣಿನ ಮಟ್ಟದಲ್ಲಿರಲಿ. ಅವರು ನೆಲದ ಮೇಲೆ ಕುಳಿತಿದ್ದರೆ ತೆಗೆಯುವವರೂ ನೆಲದ ಮೇಲೆ ಕೂರಬೇಕು.

ಮೂರನೆಯದು ಕೆಲಸ ಮತ್ತು ಮಾತು. ‘ಸ್ಮೈಲ್ ಮಾಡಿ’ ಎಂದರೆ ಡ್ಯುಶೆನ್ ಹೇಳಿದ ತುಟಿಯ ನಗು ಮಾತ್ರ ಬರುತ್ತದೆ. ಅದರ ಬದಲು ಹೂ ಕಟ್ಟುವಾಗ, ಅಡಿಕೆ ಸುಲಿಯುವಾಗ, ಪೇಪರ್ ಓದುವಾಗ ತೆಗೆಯಿರಿ. ಕೈಗಳನ್ನೂ ಸೇರಿಸಿ, ದುಡಿದ ಕೈ ಮುಖದಷ್ಟೇ ಮಾತಾಡುತ್ತದೆ. ‘ಹುಬ್ಬಿನ ಮೇಲಿನ ಈ ಗಾಯ ಯಾವಾಗ ಆದದ್ದು ಅಜ್ಜೀ?’ ಎಂದು ಕೇಳಿ. ಉತ್ತರ ಹೇಳುವಾಗಿನ ಮುಖವೇ ತೆಗೆಯಬೇಕಾದ ಮುಖ.

ಇನ್ನೊಂದು ಮಾತು. ಇಂದಿನ ಹಲವು ಮೊಬೈಲುಗಳಲ್ಲಿ ಮುಖವನ್ನು ‘ಚೆಂದಗಾಣಿಸುವ’ ಏರ್ಪಾಟು ಇರುತ್ತದೆ. ಸರಳವಾಗಿ ಹೇಳುವುದಾದರೆ, ಅದು ಚರ್ಮದ ಪ್ರತಿ ಬಿಂದುವಿನ ಬಣ್ಣವನ್ನು ಅಕ್ಕಪಕ್ಕದ ಬಿಂದುಗಳ ಬಣ್ಣದೊಡನೆ ಬೆರೆಸಿ ಸರಾಸರಿ ಮಾಡುತ್ತದೆ. ಸರಾಸರಿಯಲ್ಲಿ ಮೊದಲು ಕಳೆದುಹೋಗುವುದು ಸಣ್ಣ ಗೆರೆಗಳು. ಎಪ್ಪತ್ತು ವರ್ಷ ಬಿಸಿಲು, ನಗು, ಚಿಂತೆ ಸೇರಿ ಬರೆದದ್ದನ್ನು ಅದು ಅರೆಕ್ಷಣದಲ್ಲಿ ಒರೆಸಿಹಾಕುತ್ತದೆ. ಚಿತ್ರ ತೆಗೆಯುವ ಮೊದಲು ಆ ಏರ್ಪಾಟನ್ನು ಆರಿಸಿಬಿಡಿ.

ಅವರ ಇಷ್ಟ ಮೊದಲು

ಇಷ್ಟೆಲ್ಲ ಸಿದ್ಧತೆ ಮಾಡಿಕೊಂಡ ಮೇಲೂ ಹಿರಿಯರು ಬೇಡವೆಂದರೆ ಅದು ಬೇಡವೇ. ತಲೆ ಬಾಚಿಕೊಂಡು, ಒಳ್ಳೆಯ ಸೀರೆ ಉಟ್ಟು ಬರುತ್ತೇನೆಂದು ಅಮ್ಮ ಒಳಗೆ ಹೋದರೆ ‘ಸಹಜವಾಗಿರಲಿ’ ಎಂದು ತಡೆಯಬಾರದು. ಹೇಗೆ ಕಾಣಬೇಕೆಂಬ ಆಸೆಯೂ ಅವರ ವ್ಯಕ್ತಿತ್ವದ ಭಾಗವೇ. ಹಲ್ಲಿನ ಸೆಟ್ ಹಾಕಿಕೊಳ್ಳಬೇಕೋ ಬೇಡವೋ, ಕನ್ನಡಕ ಇರಬೇಕೋ ಬೇಡವೋ ಎಂಬುದು ಅವರ ತೀರ್ಮಾನ. ಮರೆವಿನ ಕಾಯಿಲೆಯಿಂದ ಬಳಲುವ ಹಿರಿಯರು ಒಪ್ಪಿಗೆಯನ್ನು ಮಾತಿನಲ್ಲಿ ಹೇಳಲಾರರು. ಕ್ಯಾಮೆರಾ ಕಂಡು ಅವರು ಮುಖ ತಿರುಗಿಸಿದರೆ ಅದನ್ನೇ ಉತ್ತರವೆಂದು ತಿಳಿಯಬೇಕು. ಬೇರೆಯವರಿಗೆ ಕಳುಹಿಸುವ ಮುನ್ನ ಇನ್ನೊಮ್ಮೆ ಕೇಳಬೇಕು. ಕಾಯಿಲೆ ಬೀಳುವವರೆಗೆ ಕಾಯದೆ, ಎದ್ದು ಓಡಾಡಿಕೊಂಡು ಬೇಕು ಬೇಡಗಳನ್ನು ತಾವೇ ಹೇಳುವ ಸ್ಥಿತಿಯಲ್ಲಿರುವಾಗಲೇ ಚಿತ್ರ ತೆಗೆಯುವುದು ಎಲ್ಲ ರೀತಿಯಿಂದಲೂ ಮೇಲು.

ತೆಗೆದ ಮೇಲೆ

ಸಾವಿರಾರು ಚಿತ್ರಗಳ ನಡುವೆ ಮೊಬೈಲಿನಲ್ಲಿ ಹೂತುಹೋದ ಚಿತ್ರ ಇದ್ದೂ ಇಲ್ಲದಂತೆ. ಒಂದೆರಡನ್ನಾದರೂ ಆರಿಸಿ ಕಾಗದದ ಮೇಲೆ ಮುದ್ರಿಸಿಕೊಳ್ಳಿ; ಇನ್ನೊಂದು ಪ್ರತಿ ಬೇರೆ ಕಡೆಯೂ ಇರಲಿ. ಡ್ಯೂರರ್ ಮಾಡಿದಂತೆ ಹೆಸರು, ವಯಸ್ಸು, ಊರು, ದಿನಾಂಕ ಬರೆಯಿರಿ. ‘ಅಜ್ಜಿ’ ಎಂದಷ್ಟೇ ಬರೆದರೆ ಸಾಲದು. ಮುಂದಿನ ತಲೆಮಾರಿಗೆ ಯಾರ ಅಜ್ಜಿ ಎಂಬುದೇ ತಿಳಿಯುವುದಿಲ್ಲ. ತವರೂರಿನ ಹೆಸರನ್ನೂ ಸೇರಿಸಬಹುದು. ಬಾಲ್‌ಪೆನ್ನಿನಿಂದ ಒತ್ತಿ ಬರೆದರೆ ಗುರುತು ಮುಂಭಾಗಕ್ಕೂ ಮೂಡುತ್ತದೆ. ಆದ್ದರಿಂದ ಹಿಂಬದಿಯಲ್ಲಿ ಮೆತ್ತನೆಯ ಪೆನ್ಸಿಲಿನಿಂದ, ಒತ್ತದೆ ಬರೆಯುವುದು ಒಳ್ಳೆಯದು. ಪ್ರತಿ ವರ್ಷ ಯುಗಾದಿಗೋ ದೀಪಾವಳಿಗೋ ಅದೇ ಕಿಟಕಿಯ ಬಳಿ ಒಂದೊಂದು ಚಿತ್ರ ತೆಗೆಯುತ್ತಾ ಬಂದರೆ ಹತ್ತು ವರ್ಷದಲ್ಲಿ ಅದೊಂದು ಮನೆಯ ಚರಿತ್ರೆಯೇ ಆಗುತ್ತದೆ.

ಮೊದಲ ಪ್ರತಿಯನ್ನು ಮಾತ್ರ ಅವರ ಕೈಗೇ ಕೊಡಿ. ಕನ್ನಡಕ ಏರಿಸಿಕೊಂಡು, ಬೆಳಕಿಗೆ ಹಿಡಿದು ನೋಡಲಿ. ‘ಅಯ್ಯೋ, ನಾನೂ ನಮ್ಮಮ್ಮನ ಥರಾನೇ ಆಗಿಬಿಟ್ಟಿದೀನಲ್ಲೇ’ ಎಂದು ಅಜ್ಜಿ ಹೇಳಿದರೆ, ಫೋಟೋ ಕಾಣದೆಯೇ ಹೋದ ಆ ಮುತ್ತಜ್ಜಿ ಹೇಗಿದ್ದರೆಂದು ಕೇಳಿ. ಅವರು ಹೇಳುವುದನ್ನೂ ಅದೇ ಚಿತ್ರದ ಹಿಂದೆ ಬರೆದಿಡಿ.